ದೊಡ್ಡಮ್ಮನ ಹೆಡ್‌ಫೋನ್

ನಮ್ಮ ದೊಡ್ಡಮ್ಮನಷ್ಟು ಅನುಮಾನದ ಪ್ರಾಣಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ. ನಗದಿದ್ದರೆ ಜಾಸ್ತಿ ಬೆರೆಸಿದ್ದಾನೆ! ಆಡಿಯೋ ಪುಸ್ತಕಗಳಿಗೆ ದನಿ ಕೊಡುವುದು ಅವರ ಕಸುಬು. ನನ್ನ ಪುಟ್ಟ ಸ್ಟುಡಿಯೋದಲ್ಲಿ, ಗೋಡೆಗೆಲ್ಲ ಹಳೇ ಕಂಬಳಿ ಹೊಡೆದ ಕೋಣೆಯಲ್ಲಿ ಕೂತು, ಉಸಿರು ತೆಗೆದುಕೊಳ್ಳುವ ಕಡೆ ಪೆನ್ಸಿಲ್ಲಿನಲ್ಲಿ ಗೀಟು ಹಾಕಿಕೊಂಡು ಓದುತ್ತಾರೆ. ದೊಡ್ಡಪ್ಪ ತೀರಿಕೊಂಡ ಮೇಲೆ ಮನೆ ನಡೆದದ್ದೂ, ಅವರ ಮಗಳು, ನನ್ನಕ್ಕ, ಓದಿ ಮುಗಿಸಿದ್ದೂ ಈ ದನಿಯಿಂದಲೇ.

ಈಚೆಗೆ ಅನುಮಾನ ಹೊಸ ಇಂಟರ್‌ಫೇಸಿನ ಮೇಲೆ ತಿರುಗಿತ್ತು. ಮೈಕಿಗೂ ಕಂಪ್ಯೂಟರಿಗೂ ನಡುವೆ ಕೂರುವ ಅಂಗೈಯಗಲದ ಪೆಟ್ಟಿಗೆ ಅದು. ಓದುವಾಗ ದನಿ ಅದರಿಂದ ನೇರ ಹೆಡ್‌ಫೋನಿಗೆ ಬರುತ್ತದೆ. ಕಂಪ್ಯೂಟರಿನೊಳಗೆ ದನಿ ತಿದ್ದುವ ಪ್ಲಗ್‌ಇನ್‌ಗಳ ಕೈಚಳಕವೆಲ್ಲ ಆಮೇಲೆ, ಸ್ಪೀಕರಿನಲ್ಲಿ ಹಾಕಿ ಕೇಳುವಾಗ.

ಒಂದು ದಿನ ದೊಡ್ಡಮ್ಮ ಹೆಡ್‌ಫೋನ್ ಕಿತ್ತಿಟ್ಟರು. "ಏನೋ ಇದು? ಓದುವಾಗ ಕಿವೀಲಿ ಸೀಟಿ ಹೊಡೀತು. ಸ್ಪೀಕರಲ್ಲಿ ಸೀಟಿನೇ ಇಲ್ಲ. ಎಲ್ಲಿ ಹೋಯ್ತು?"

"ಹೆಡ್‌ಫೋನ್ ಹಳೇದಾಯ್ತು, ದೊಡ್ಡಮ್ಮ."

"ನನ್ನ ಕಿವಿಗೇ ಹೂ ಇಡ್ತೀಯಾ? ಮೊನ್ನೆ ತಾನೇ ತಂದಿದ್ದು! ಏನು ಮುಚ್ಚಿಡ್ತಿದೀಯ, ಹೇಳು. ನನ್ನ ಜಾಗಕ್ಕೆ ಬೇರೆ ಯಾರನ್ನೋ ತರೋ ಹುನ್ನಾರಾನಾ?"

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಯಾರಿಗಾಗಿ ಒದ್ದಾಡುತ್ತಿದ್ದೆನೋ ಅವರ ಬಾಯಲ್ಲೇ ಈ ಮಾತು! ಸೀಟಿಗೊಂದು, ಏದುಸಿರಿಗೊಂದು, ಗೊಗ್ಗರಿಗೊಂದು ಅಂತ ಹಾಕಿದ್ದ ಪ್ಲಗ್‌ಇನ್‌ಗಳನ್ನೆಲ್ಲ ಆಫ್ ಮಾಡಿ, ಅದೇ ಸಾಲು ಮತ್ತೆ ಕೇಳಿಸಿದೆ. ಸ, ಶ ಬಂದಲ್ಲೆಲ್ಲ ಕುಕ್ಕರ್ ಕೂಗಿದ ಹಾಗೆ.

"ಹಲ್ಲಿನ ಸೆಟ್ಟು ಹಾಕಿಸ್ಕೊಂಡಾಗಿಂದ ಹಿಂಗೇ. ಪ್ರಕಾಶಕರಿಗೆ ಗೊತ್ತಾದ್ರೆ ನಿಮ್ಮನ್ನ ಬಿಟ್ಟುಬಿಡ್ತಾರೆ ಅಂತ ನಾನೇ ತೆಗೀತಿದ್ದೆ. ಸಮಾಧಾನ ಆಯ್ತಾ?"

ಅಂದುಬಿಟ್ಟ ಮೇಲೆ ನನಗೇ ಸಂಕಟವಾಯಿತು.

"ಈ ಸೀಟಿ ಇರೋದನ್ನೇ ಕಳ್ಸು," ಎಂದರು ದೊಡ್ಡಮ್ಮ.

"ಬೇಡ ದೊಡ್ಡಮ್ಮ, ಮುಂದಿನ ಪುಸ್ತಕ ಕೈತಪ್ಪುತ್ತೆ."

"ತಪ್ಪಿದ್ರೆ ತಪ್ಪಲಿ. ನನ್ನ ದನಿ ಬೇಕೋ ಬೇಡ್ವೋ, ಅವರೇ ಹೇಳ್ಲಿ."

ಕಳಿಸಿದೆ. ಮಾರನೇ ಬೆಳಿಗ್ಗೆ ಪ್ರಕಾಶಕರ ಫೋನು. ದೊಡ್ಡಮ್ಮನಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದೆ.

"ಏನ್ರೀ, ನಿಮ್ಮ ದೊಡ್ಡಮ್ಮನ ಹೆಸರು ಹೇಳಿ ಬೇರೆ ಯಾರ ಹತ್ರನೋ ಓದಿಸಿ ಕಳ್ಸಿದೀರಲ್ಲ? ನಮಗೇನು ಕಿವಿ ಇಲ್ವಾ? ಅವರದ್ದೇ ದನಿ ಇದ್ರೆ ಮಾತ್ರ ಮುಂದಿನ ಪುಸ್ತಕ, ನೋಡಿ!"

ನಿಜ ಹೇಳಲು ಬಾಯಿ ತೆರೆದೆ. ದೊಡ್ಡಮ್ಮ ಬಾಯಿಯ ಮೇಲೆ ಬೆರಳಿಟ್ಟು, 'ಹೂಂ ಅನ್ನು' ಎಂದು ಸನ್ನೆ ಮಾಡಿದರು. ಅವರ ಮುಖ ನೋಡಲಾಗಲಿಲ್ಲ ನನಗೆ.

"ತಪ್ಪಾಯ್ತು ಸಾರ್," ಎಂದೆ. "ಅವರದ್ದನ್ನೇ ಕಳಿಸ್ತೀನಿ."

ಫೋನ್ ಇಟ್ಟ ಮೇಲೆ ದೊಡ್ಡಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡು, ಮೈಕಿನ ಮುಂದೆ ಹೋಗಿ ಕೂತು ಹೆಡ್‌ಫೋನ್ ಹಾಕಿಕೊಂಡರು.

"ಊರಿಗೆಲ್ಲ ನಿನ್ನ ಪ್ಲಗ್‌ಇನ್ ಕೇಳಿಸು. ಈ ಹೆಡ್‌ಫೋನಿಗೆ ಮಾತ್ರ ಅದು ಬರಕೂಡದು. ನನಗೊಬ್ಬಳಿಗಾದ್ರೂ ನನ್ನ ದನಿ ಗೊತ್ತಿರ್ಬೇಕಲ್ವೇನೋ?"

"ಬರಲ್ಲ ದೊಡ್ಡಮ್ಮ. ನಂಬಿ."

"ನಿನ್ನನ್ನಾ?"

ನನ್ನ ಬೆರಳುಗಳ ಮೇಲೇ ಕಣ್ಣಿಟ್ಟು ಮೊದಲ ಸಾಲು ಓದಿದರು. ಸೀಟಿ ಬಂತು. ಬಂತು ಎಂದು ತಲೆಯಾಡಿಸಿ, ಎರಡನೇ ಸಾಲಿಗೆ ಹೋದರು.