ಕೊಲ್ಲದೆ ಕಂಡ ಪತಂಗ

ನನ್ನ ಗಂಡನ ಅಕ್ಕ ಥರ್ಜಾ ಗ್ಯಾರಡ್ ಹಠಕ್ಕೆ ಬಿದ್ದಳೆಂದರೆ ಮುಗಿಯಿತು. ಅವಳು ನಮ್ಮೂರು ಸ್ಯಾಲೋವಿಕ್‌ನ ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದಿದ್ದಷ್ಟು ಕಾಲವೂ ಒಂದು ಮಗು ತಟ್ಟೆಯಲ್ಲಿ ಎಲೆಕೋಸು ಬಿಟ್ಟು ಎದ್ದದ್ದಿಲ್ಲ. ಈಗ ಊರಿನ ಯಜಮಾನಿಕೆ ಮಾಡುವವರಲ್ಲಿ ಅರ್ಧ ಜನ ಆ ಎಲೆಕೋಸು ನುಂಗಿ ಬೆಳೆದವರೇ, ಅವಳೆದುರು ದನಿ ಏರಿಸಲು ಅವರಿಗೆ ಇವತ್ತಿಗೂ ಆಗುವುದಿಲ್ಲ. ನನಗೆ ಆಗುತ್ತದೆ. ನಾನು ಹೊರಗಿನವಳು, ಅವಳ ತಮ್ಮ ಲೆನ್‌ನನ್ನು ಕಟ್ಟಿಕೊಂಡು ಈ ಕೆಸರಿಗೆ ಬಂದವಳು.

ಕೆಲಸದಿಂದ ನಿವೃತ್ತಳಾದ ಮೇಲೆ ಅವಳಿಗೆ ಪತಂಗಗಳ ಹುಚ್ಚು ಹಿಡಿಯಿತು. ಊರಾಚೆಯ ಜೊಂಡಿನ ಅಂಚಿನಲ್ಲಿ ರಾತ್ರಿ ಪತಂಗಗಳನ್ನು ಸೆಳೆಯುವ ಒಂದು ದೀಪದ ಪೆಟ್ಟಿಗೆ, ಅದರೊಳಗೆ ಮೊಟ್ಟೆ ಜೋಡಿಸುವ ರಟ್ಟಿನ ತಟ್ಟೆಗಳು. ಬೆಳಿಗ್ಗೆ ಒಂದು ಕೈಯಲ್ಲಿ ಚಹಾ ಹಿಡಿದು ಇನ್ನೊಂದು ಕೈಯಲ್ಲಿ ತಟ್ಟೆಗಳನ್ನು ಒಂದೊಂದಾಗಿ ಎತ್ತಿ ನೋಡುವಳು. ಸಂದಿಗಳಲ್ಲಿ ಪತಂಗಗಳು ನಿದ್ದೆ ಹೊಡೆಯುತ್ತಿರುತ್ತಿದ್ದವು. ಹೆಸರು ಗುರುತಿಸಿ, ಬರೆದುಕೊಂಡು, ಹಾರಲು ಬಿಟ್ಟುಬಿಡುವಳು. ಜೊಂಡಿನ ಪತಂಗಗಳೆಲ್ಲ ಒಣಹುಲ್ಲಿನ ಬಣ್ಣದವು. ನನಗಂತೂ ಎಲ್ಲವೂ ಒಂದೇ.

ಒಂದು ಜುಲೈ ಬೆಳಿಗ್ಗೆ ಅವಳು ನಮ್ಮ ಮನೆ ಬಾಗಿಲು ಬಡಿದಳು. ಗಾಜಿನ ಡಬ್ಬಿಯಲ್ಲಿ ಒಂದು ಪತಂಗ ಕೂತಿತ್ತು.

"ಡಲ್ಸಿ, ಇದರ ಹೆಗಲು ನೋಡೇ. ತಲೆ ಹಿಂದೆ ಬಿಳಿ ಇದೆಯಲ್ಲ? ಬಿಳಿಹೆಗಲಿನ ಪತಂಗ ಇದು. ಈ ಕಡೆ ಇದನ್ನ ಯಾರೂ ಕಂಡಿಲ್ಲ."

"ಬೆಳ್ ಬೆಳಿಗ್ಗೆ ಬಾಗಿಲು ಒಡೆಯೋ ಅಂಥದ್ದೇನಕ್ಕ ಅದರಲ್ಲಿ?" ಎಂದೆ.

ಇತ್ತು. ಅದೇ ವರ್ಷ ನಮ್ಮ ಚರ್ಚಿನ ಜೊಂಡಿನ ಮಾಡು ಸೋರಲು ಶುರುವಾಗಿತ್ತು. ಊರಿನ ಚರ್ಚಿಗೆ ಊರಿನದೇ ಜೊಂಡು ಹೊದಿಸಬೇಕೆಂಬುದು ಇಲ್ಲಿನ ಕಟ್ಟಳೆ. ಪ್ರತಿ ಚಳಿಗಾಲ ಕೊಯ್ಯುವ ಜೊಂಡು ಸಾಲದಾಗಿತ್ತು. ಪೂರ್ವದ ಮೂಲೆಯೊಂದನ್ನು ಮಾತ್ರ ಯಾರೂ ಎಷ್ಟೋ ಕಾಲದಿಂದ ಮುಟ್ಟಿರಲಿಲ್ಲ. ಅಲ್ಲಿನ ಹಳೆಯ ಒಣಕಡ್ಡಿ ಮಾಡಿಗೆ ಬಾರದು. ಅದನ್ನೆಲ್ಲ ಸವರಿ ಸುಟ್ಟರೆ ಮುಂದಿನ ವರ್ಷ ಹೊಸ ಜೊಂಡು ನೆಟ್ಟಗೆ ಏಳುತ್ತದೆ. ಸವರುವ ಕೆಲಸ ಜೊಂಡು ಕೊಯ್ಯುವ ನನ್ನ ಗಂಡನದು. ಥರ್ಜಾಳ ಪತಂಗವೋ, ಮರಿಹುಳುವಾಗಿ ಹಸಿರು ಕಡ್ಡಿ ತಿಂದು, ಕೋಶ ಕಟ್ಟಲು ಹಳೆಯ ಒಣಕಡ್ಡಿಯನ್ನೇ ಹುಡುಕುವಂಥದ್ದು. ಆ ಮೂಲೆ ಹೋದರೆ ಅದೂ ಹೋದಂತೆಯೇ.

ನಮ್ಮ ಪಾದ್ರಿಗಳು ಒಳ್ಳೆಯವರು. ಯಾವ ಪತಂಗ ಎಲ್ಲಿದೆ ಎಂದು ಬರೆದಿಡುವ ಜಿಲ್ಲೆಯ ಪಟ್ಟಿಯಲ್ಲಿ ಅದು ನಮ್ಮೂರಿನ ಹೆಸರಿನಲ್ಲಿ ಸೇರಿದರೆ ಮೂಲೆಯನ್ನು ಮುಟ್ಟುವುದಿಲ್ಲ ಎಂದು ಎಲ್ಲರ ಮುಂದೆ ಮಾತು ಕೊಟ್ಟರು. ಪಟ್ಟಿ ಇಡುವವರು ಗಾಡ್‌ಬೋಲ್ಡ್ ಎಂಬ ನಿವೃತ್ತ ಹಲ್ಲಿನ ಡಾಕ್ಟರು. ಪತಂಗವನ್ನು ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ, ಊಟದ ಡಬ್ಬಿಯಲ್ಲಿ ಹಿಮಗಟ್ಟಿದ ಬಟಾಣಿ ಪೊಟ್ಟಣದ ಮೇಲೆ ಕೂರಿಸಿಕೊಂಡು, ನಾವಿಬ್ಬರೂ ಬಸ್ಸು ಹತ್ತಿದೆವು. ತಣ್ಣಗಿದ್ದರೆ ಅವು ಸುಮ್ಮನೆ ಕೂರುತ್ತವೆ, ಸಾಯುವುದಿಲ್ಲ. ಆ ಬಟಾಣಿ ನಮ್ಮ ಮನೆಯದು. ಆಮೇಲೆ ಅದನ್ನು ಎಸೆಯಬೇಕಾಯಿತು.

ಗಾಡ್‌ಬೋಲ್ಡ್ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಸಣ್ಣ ಕುಂಚದಿಂದ ರೆಕ್ಕೆ ಎತ್ತಿ ಅಡಿಯನ್ನೂ ನೋಡಿದರು.

"ನನ್ನ ಕಣ್ಣಿಗೆ ಇದು ಬಿಳಿಹೆಗಲಿನದೇ, ಮಿಸ್ ಗ್ಯಾರಡ್."

"ಹಾಗಾದ್ರೆ ಬರೀರಿ."

"ಕಣ್ಣಿಗೆ ಕಂಡಿದ್ದಷ್ಟೇ ಸಾಲದು. ಇದರ ಹಾಗೇ ಕಾಣೋ ಕಂದುನರದ ಪತಂಗ ಎಲ್ಲಾ ಕಡೆ ಇದೆ. ಹೊಸ ಜಾಗದ್ದಾದ್ರೆ ಮಾದರಿ ಬೇಕು, ಕುಯ್ದು ನೋಡ್ಬೇಕು. ಇಲ್ಲೇ ಬಿಟ್ಟು ಹೋಗಿ, ನಾಳೆ ಹೇಳ್ತೀನಿ."

"ಅಂದ್ರೆ ಸಾಯಿಸ್ತೀರಿ."

"ನೋವಾಗದ ಹಾಗೆ. ನಿಮ್ಮ ಮೇಲೆ ಅನುಮಾನ ಅಂತ ಅಲ್ಲ. ನಾನೇ ಒಂದ್ಸಲ ಬರೀ ಕಣ್ಣು ನಂಬಿ ಒಂದನ್ನ ಸೇರಿಸಿದ್ದೆ. ತಪ್ಪಾಗಿತ್ತು. ಇವತ್ತಿಗೂ ಅದನ್ನ ಹೇಳ್ಕೊಂಡು ನಗ್ತಾರೆ."

"ನಗೋರ ಬಾಯಿ ಮುಚ್ಚಿಸೋಕೆ ಇದು ಸಾಯ್ಬೇಕಾ? ಹೊಟ್ಟೆ ನೋಡಿ ಇದರದ್ದು. ಮೊಟ್ಟೆ ತುಂಬಿದೆ."

"ಒಂದು ಹೋದ್ರೆ ಆ ಜಾಗಕ್ಕೇನೂ ಆಗಲ್ಲ."

"ಅಲ್ಲಿ ಎಷ್ಟಿವೆ ಅಂತ ನಿಮಗೆ ಗೊತ್ತಾ? ನನಗೂ ಗೊತ್ತಿಲ್ಲ. ಇದೊಂದೇ ಇದ್ರೆ?"

ಒಬ್ಬರು ಪಟ್ಟಿಯನ್ನು ಕಾಯುತ್ತಿದ್ದರು, ಒಬ್ಬಳು ಪತಂಗವನ್ನು. ನಡುವೆ ಕೂತ ನನಗೆ ಇಬ್ಬರ ಮೇಲೂ ಕೋಪ ಉಕ್ಕುತ್ತಿತ್ತು. ಥರ್ಜಾ ಡಬ್ಬಿಯ ಮುಚ್ಚಳ ಹಾಕಿಕೊಂಡು ಎದ್ದಳು.

ಬಸ್ಸಿನಲ್ಲಿ ನಾನು ಸುಮ್ಮನಿರಲಿಲ್ಲ. "ಒಂದೇ ಒಂದು ಹುಳ ಕೊಟ್ಟಿದ್ರೆ ಇಡೀ ಮೂಲೆ ಉಳೀತಿತ್ತಲ್ಲಕ್ಕ! ಇದೆಂಥ ಮೊಂಡುತನ?"

"ಇವತ್ತು ಇದೆ ಅಂತ ನಂಬೋಕೆ ಒಂದು ಹೆಣ ಕೇಳ್ತಾರೆ ಡಲ್ಸಿ. ನಾಳೆ, ಇನ್ನೂ ಇದೆಯಾ ಅಂತ ನೋಡೋಕೆ ಇನ್ನೊಂದು ಕೇಳ್ತಾರೆ. ಎಷ್ಟು ಅಂತ ಕೊಡ್ಲಿ? ನಾನು ನೋಡಿದೀನಿ. ನನ್ನ ಮಾತು ಸಾಕಾಗ್ಬೇಕು."

"ಸಾಕಾಗ್ಲಿಲ್ಲವಲ್ಲ!"

"ಅದು ಅವರ ಕಷ್ಟ."

ಪತಂಗವನ್ನು ಜೊಂಡಿಗೆ ಬಿಟ್ಟಳು. ಪಟ್ಟಿಯಲ್ಲಿ ನಮ್ಮೂರು ಸೇರಲಿಲ್ಲ. ಪಾದ್ರಿಗಳು ಅದನ್ನು ಭಾನುವಾರ ಚರ್ಚಿನಲ್ಲಿ ಎಲ್ಲರಿಗೂ ತಿಳಿಸಿದರು. ಮಂಜು ಬಿದ್ದು ನೆಲ ಗಟ್ಟಿಯಾದ ಕೂಡಲೇ ಲೆನ್ ಕೊಯ್ಯುವ ಯಂತ್ರ ತಳ್ಳಿಕೊಂಡು ಪೂರ್ವದ ಮೂಲೆಗೆ ಹೊರಟ. ನಾನು ಬುತ್ತಿ ಹಿಡಿದು ಹಿಂದೆ ಹೋದೆ. ಜೊಂಡಿನ ನಡುವೆ, ಮೊಣಕಾಲುದ್ದದ ಬೂಟು ಹಾಕಿಕೊಂಡು, ಕೈಕಟ್ಟಿ ಥರ್ಜಾ ನಿಂತಿದ್ದಳು. ಸುದ್ದಿ ಹಬ್ಬಿ ಏರಿಯ ಮೇಲೆ ಜನ ಸೇರಿದ್ದರು.

ಲೆನ್ ಯಂತ್ರ ನಿಲ್ಲಿಸಿದ. "ಅಕ್ಕ, ಪಕ್ಕಕ್ಕೆ ಬಾ."

"ಬರಲ್ಲ."

"ನಿನ್ನ ಹುಳ ಪಟ್ಟಿಯಲ್ಲಿ ಇಲ್ಲ ಅಂತ ಪಾದ್ರಿಗಳು ಹೇಳಿದ್ರಲ್ಲ."

"ಪಟ್ಟಿಯಲ್ಲಿ ಇಲ್ಲ ಅಂದ್ರೆ ಜೊಂಡಲ್ಲೂ ಇಲ್ವೇನೋ? ನೀನು ಯಾವ ಪಟ್ಟಿಯಲ್ಲಿದೀಯಾ? ಆದ್ರೂ ನನ್ನ ಮುಂದೆ ನಿಂತು ಬೊಗಳ್ತಾ ಇದೀಯಲ್ಲ!"

ಏರಿಯ ಮೇಲಿದ್ದವರು ಗೊಳ್ಳೆಂದು ನಕ್ಕರು. ಲೆನ್ ಕಿವಿಯವರೆಗೂ ಕೆಂಪಾದ.

"ಚರ್ಚು ಸೋರ್ತಿದೆ ಅಕ್ಕ. ಅಪ್ಪ ಅಮ್ಮ ಮದುವೆಯಾದ ಚರ್ಚು!"

"ಸೋರ್ಲಿ. ಕೊಡೆ ಹಿಡ್ಕೊಂಡು ಪ್ರಾರ್ಥನೆ ಮಾಡು. ದೇವರಿಗೇನೂ ನೆಗಡಿ ಆಗಲ್ಲ."

"ಎಳ್ಕೊಂಡು ಬಾರೋ ಲೆನ್!" ಎಂದು ಏರಿಯಿಂದ ಯಾರೋ ಕೂಗಿದರು.

ಥರ್ಜಾ ತಲೆ ಎತ್ತಿದಳು. "ಯಾರದು, ಬ್ಯಾಸಿಲ್ ಅಲ್ವಾ? ಇಳಿದು ಬಾ. ನೀನೇ ಬಂದು ಎಳಿ."

ಅವಳ ಎಲೆಕೋಸು ತಿಂದು ಬೆಳೆದ ಬ್ಯಾಸಿಲ್ ಇಳಿಯಲಿಲ್ಲ. ಯಾರೂ ಇಳಿಯಲಿಲ್ಲ. ಚಳಿಗೆ ಅವಳ ತುಟಿ ನೀಲಿಯಾಗಿತ್ತು. ಈ ಮುದುಕಿ ಇಲ್ಲೇ ಸೆಟೆದು ಸತ್ತಾಳೆಂದು ನನಗೆ ನಿಜಕ್ಕೂ ಹೆದರಿಕೆಯಾಯಿತು. ಲೆನ್ ಅಕ್ಕನನ್ನು ನೋಡಿದ, ಜನರನ್ನು ನೋಡಿದ, ಯಾರಿಗೂ ಕೇಳಿಸದಂತೆ ಏನೋ ಬೈದ. ಆಮೇಲೆ ಯಂತ್ರ ತಿರುಗಿಸಿಕೊಂಡು ಅವಳ ಸುತ್ತ ಕೊಯ್ಯತೊಡಗಿದ. ಅವಳು ಕದಲಲಿಲ್ಲ. ಸಂಜೆಯ ಹೊತ್ತಿಗೆ ಮೂಲೆಯಲ್ಲಿ ನಮ್ಮ ಮನೆಯ ಹಿತ್ತಲಿನಷ್ಟು ಜೊಂಡು ಉಳಿದಿತ್ತು, ಅದರ ನಡುವೆ ಥರ್ಜಾ. ಅವಳನ್ನು ಮನೆಗೆ ಕರೆತಂದು ಬಿಸಿ ಸೂಪು ಕುಡಿಸಿದೆ. ಕುಡಿಸುತ್ತಲೇ ಬೈದೆ. ಲೆನ್ ತಟ್ಟೆಯಿಂದ ತಲೆ ಎತ್ತಲಿಲ್ಲ.

ಆ ಚೂರು ಬಿಟ್ಟದ್ದರಿಂದ ಊರಿನ ಜೊಂಡು ಸಾಲದೆ, ಕಡೆಗೆ ಚರ್ಚಿನ ಉತ್ತರದ ಮಾಡಿಗೆ ಪಕ್ಕದೂರಿನ ಜೊಂಡು ತರಿಸಬೇಕಾಯಿತು. ಆ ತೇಪೆಯನ್ನು ತೋರಿಸಿ ಜನ ಇವತ್ತಿಗೂ ಥರ್ಜಾಳ ಹೆಸರೆತ್ತಿ ಗೊಣಗುತ್ತಾರೆ. ಗೊಣಗಲಿ. ಮಾಡು ಸೋರುತ್ತಿಲ್ಲವಲ್ಲ.

ಮುಂದಿನ ಜುಲೈನಲ್ಲಿ ಅವಳು ಮತ್ತೆ ದೀಪ ಇಟ್ಟಳು. ದಿನಗಟ್ಟಲೆ ಏನೂ ಬರಲಿಲ್ಲ. ಉಳಿದ ಅಷ್ಟು ಚೂರು ಜೊಂಡು ಸಾಲದೇನೋ ಎಂದು ನನಗನ್ನಿಸಿತ್ತು, ಅವಳಿಗೂ ಅನ್ನಿಸಿದ್ದಿರಬೇಕು, ಮಾತೇ ಕಡಿಮೆಯಾಗಿತ್ತು. ಒಂದು ಬೆಳಿಗ್ಗೆ ತೂಬು ನೋಡಿಕೊಂಡು ಬರುತ್ತೇನೆಂದು ಲೆನ್ ಹೊರಟ. ತೂಬು ಇರುವುದು ಊರಿನ ಇನ್ನೊಂದು ದಿಕ್ಕಿಗೆ. ಅವನು ವಾಪಸು ಬಂದಾಗ ಅಕ್ಕನೂ ಜೊತೆಗಿದ್ದಳು. ಇಬ್ಬರ ಬೂಟಿಗೂ ಒಂದೇ ಕೆಸರು ಹತ್ತಿತ್ತು.

"ಇದೆ," ಎಂದಳು ಥರ್ಜಾ. ಅಷ್ಟೇ. ನನ್ನ ಅಡುಗೆಮನೆಯ ಮೇಜಿನ ಮೇಲೆ ಗಾಡ್‌ಬೋಲ್ಡ್‌ಗೆ ಕಳಿಸುವ ಹಾಳೆ ಹರಡಿಕೊಂಡಳು. ಜಾಗ, ದಿನ, ಹೆಸರು ತುಂಬಿದಳು. ಮಾದರಿ ಎಂದು ಇದ್ದಲ್ಲಿ "ಇಲ್ಲ, ಕೊಲ್ಲುವುದೂ ಇಲ್ಲ" ಎಂದು ದಪ್ಪಕ್ಷರದಲ್ಲಿ ಬರೆದಳು.

"ವಾಪಸ್ ಬರುತ್ತೆ ಅದು," ಎಂದ ಲೆನ್.

"ಬರ್ಲಿ. ಮತ್ತೆ ಕಳಿಸ್ತೀನಿ. ನಾನು ಸಾಯೋವರೆಗೂ ಕಳಿಸ್ತೀನಿ."

ಲೆನ್ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಅವಳಿಂದ ಪೆನ್ನು ತೆಗೆದುಕೊಂಡ. "ಸಾಕ್ಷಿ ಎಲ್ಲಿ ಬರೀಬೇಕು?"

"ಅದಕ್ಕೆ ಜಾಗಾನೇ ಇಲ್ವೋ ಇದರಲ್ಲಿ."

ಅವನು ಹಾಳೆಯ ಅಂಚಿನಲ್ಲಿ, ಗಟ್ಟಿಯಾಗಿ ಒತ್ತಿ, ನಿಧಾನವಾಗಿ ಬರೆದ: "ನಾನೂ ನೋಡಿದೆ. ಲೆನರ್ಡ್ ಗ್ಯಾರಡ್, ಜೊಂಡು ಕೊಯ್ಯುವವ." ಥರ್ಜಾ ಅದನ್ನು ಓದಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅವಳು ಅಳುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ಇನ್ನು ನಮ್ಮಿಬ್ಬರನ್ನೂ ಸುಳ್ಳರು ಅನ್ನಲಿ, ನೋಡೇ ಬಿಡೋಣ," ಎಂದ ಲೆನ್.

"ಇಬ್ಬರು ಯಾಕೆ? ಬಸ್ಸಲ್ಲಿ ಆ ಹುಳಾನ ತೊಡೆ ಮೇಲೆ ಕೂರಿಸ್ಕೊಂಡು ಹೋದವಳು ನಾನು. ಕೊಡಿ ಇಲ್ಲಿ," ಎಂದು ಪೆನ್ನು ಕಿತ್ತುಕೊಂಡೆ.