ಗುಲಾಬಿ ಕಾಲಿನ ಕಡಲಕ್ಕಿ

ಕನ್ನಡಕದಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಜನರ ಕಣ್ಣು ಪರೀಕ್ಷಿಸುತ್ತಿದ್ದ ಆಕೆಗೆ ಹಕ್ಕಿ ನೋಡುವ ಹುಚ್ಚು. ಭಾನುವಾರ ಬೆಳಗಾದರೆ ದುರ್ಬೀನು ಕೊರಳಿಗೆ ಹಾಕಿಕೊಂಡು ಕಡಲತೀರಕ್ಕೆ ಹೊರಡುವಳು. ಬಸ್ ಓಡಿಸುವ ಗಂಡ ಫ್ಲಾಸ್ಕ್ ಹಿಡಿದು ಹಿಂದೆ ಹಿಂದೆ. "ನಂಗೆ ಕಾಗೆ, ಗುಬ್ಬಿ ಬಿಟ್ರೆ ಎಲ್ಲಾ ಒಂದೇ" ಎನ್ನುವ ಆಸಾಮಿ.

ಆ ಭಾನುವಾರ ಅಲೆತಡೆಯ ಬಂಡೆಗಳ ಮೇಲೆ ಕಡಲಕ್ಕಿಗಳ ದಂಡೇ ಕೂತಿತ್ತು. ಒಂದು ಮಾತ್ರ ದಪ್ಪ, ಬೆನ್ನು ಕಡುಬೂದು. ಆಕೆ ಒಮ್ಮೆ ನೋಡಿ, "ಹಳದಿ ಕಾಲು, ಮಾಮೂಲಿದೇ" ಎಂದು ಮುಂದೆ ನಡೆದಳು.

ದುರ್ಬೀನು ಇಸಿದುಕೊಂಡ ಗಂಡ, "ಹಳದಿ ಎಲ್ಲಿದ್ಯೇ? ಗುಲಾಬಿ ಅಲ್ವಾ?" ಎಂದ.

"ಸುಮ್ನಿರಿ. ಗುಲಾಬಿ ಕಾಲಿಂದು ಈ ಕಡೆ ಬರೋದೇ ಇಲ್ಲ."

"ಬರುತ್ತೋ ಬಿಡುತ್ತೋ, ದಿನಾ ಸಿಗ್ನಲ್ ನೋಡ್ಕೊಂಡು ಬಸ್ ಓಡಿಸೋನು ನಾನು. ಬಣ್ಣ ಗೊತ್ತಾಗಲ್ವಾ?"

ಆಕೆ ಮತ್ತೆ ನೋಡಿದಳು. ಎರಡೂ ಕಣ್ಣಿಗೆ ಹಳದಿಯೇ. ಗಂಡ ಹಠಕ್ಕೆ ಬಿದ್ದು, ಅವಳ ಫೋನನ್ನು ದುರ್ಬೀನಿಗೆ ಒತ್ತಿ ಹಿಡಿದು ಫೋಟೊ ತೆಗೆದು, ಹಕ್ಕಿ ನೋಡುವವರ ಗುಂಪಿಗೆ ಕಳಿಸಿಬಿಟ್ಟ.

ಮನೆ ಮುಟ್ಟುವ ಮೊದಲೇ ಗುಂಪಿನ ಹಿರಿಯ ಮೇಷ್ಟ್ರ ಫೋನು. "ಭಲೇ ಅಮ್ಮಾ! ಗುಲಾಬಿ ಕಾಲು ಎಷ್ಟು ಚೆನ್ನಾಗಿ ಕಾಣ್ತಿದೆ! ನಮ್ಮ ತೀರದಲ್ಲಿ ಇದೇ ಮೊದಲು."

"ಗುರುತು ಹಿಡಿದಿದ್ದು ನಾನಲ್ಲ ಸಾರ್, ನಮ್ಮನೆಯವರು."

ಮೇಷ್ಟ್ರು ತಮಾಷೆಯೆಂದುಕೊಂಡು ನಕ್ಕರು. ಆಕೆ ಫೋನಿಟ್ಟು ಫೋಟೊ ತೆರೆದು ನೋಡಿದಳು. ಅವಳ ಕಣ್ಣಿಗೆ ಅಲ್ಲೂ ಹಳದಿಯೇ.

ಮರುದಿನ ಅಂಗಡಿ ತೆರೆಯುವ ಮೊದಲೇ ಹೋಗಿ ಅಕ್ಷರದ ಫಲಕದ ಮುಂದೆ ನಿಂತಳು. ಕೊನೆಯ ಸಾಲಿನವರೆಗೂ ಪಟಪಟ ಓದಿದಳು. ಓದಿದ ಮೇಲೆ ಹೊಳೆಯಿತು, ಅದೆಲ್ಲ ಬಾಯಿಪಾಠ. ಬೀರುವಿನಲ್ಲಿದ್ದ ಬೇರೆ ಫಲಕ ತಂದು ತೂಗುಹಾಕಿದರೆ ಐದನೇ ಸಾಲಿಗೇ ತಡವರಿಸಿದಳು.

"ಎರಡೂ ಕಣ್ಣಲ್ಲಿ ಪೊರೆ," ಎಂದರು ಅಂದೇ ಸಂಜೆ ಅವಳನ್ನು ಪರೀಕ್ಷಿಸಿದ ಕಣ್ಣಿನ ವೈದ್ಯರು. "ಅದಕ್ಕೇ ಎಲ್ಲಾ ಹಳದಿ. ಆಪರೇಷನ್ ಆದ್ರೆ ಸರಿಹೋಗುತ್ತೆ. ಆದ್ರೆ ಎರಡು ವರ್ಷದಿಂದಾನೇ ಶುರುವಾಗಿರಬೇಕಲ್ಲ, ನಿಮಗೆ ಗೊತ್ತಾಗಲಿಲ್ವಾ?"



ವಿಷಯ ತಿಳಿದ ಮಾಲೀಕರು ಬೈಯಲಿಲ್ಲ. ಪರೀಕ್ಷೆಯ ಕೋಣೆಯಿಂದ ತೆಗೆದು ಫ್ರೇಮು ಮಾರುವ ಕೌಂಟರಿನಲ್ಲಿ ಕೂರಿಸಿದರು, ಅಷ್ಟೆ. ಅಲ್ಲಿ ಕೂತು ಆಕೆ ಲೆಕ್ಕ ಹಾಕತೊಡಗಿದಳು. ಈ ಎರಡು ವರ್ಷದಲ್ಲಿ ಎಷ್ಟು ಮಂದಿಯ ಕಣ್ಣು ನೋಡಿದ್ದೇನೆ? ಹೋದ ವರ್ಷ ಒಬ್ಬ ಮುದುಕರು ಮೂರು ಸಲ ಬಂದು, "ಮಸುಕು ಹೋಗಲಿಲ್ಲಮ್ಮಾ" ಎಂದಿದ್ದರು. ಮೂರು ಸಲವೂ ಆಕೆ, "ಅಭ್ಯಾಸ ಆಗುತ್ತೆ ತಾತ" ಎಂದು ಕಳಿಸಿದ್ದಳು.

ಅವರ ನಂಬರು ಹುಡುಕಿ ಫೋನ್ ಮಾಡಿದಳು. ಎತ್ತಿದ್ದು ಸೊಸೆ.

"ಮಾವ ಈಗ ಪೇಪರ್ ಓದೋದೇ ಬಿಟ್ಟಿದ್ದಾರೆ. ವಯಸ್ಸಾಯ್ತಲ್ಲ."

"ವಯಸ್ಸಿಂದಲ್ಲ, ತಪ್ಪು ನಂದಿರಬೇಕು," ಎಂದಳು ಆಕೆ. "ನಾಳೆನೇ ಕರ್ಕೊಂಡು ಬನ್ನಿ. ಬೇರೆಯವರ ಕೈಲಿ ನೋಡಿಸ್ತೀನಿ."