ಹಾಡಿನ ಬದಲು ಏಳು ಕೋಟಿ ಚಿಲ್ಲರೆ

ನನಗೆ ಹಾಡು ಬರುವುದಿಲ್ಲ. ಹೆಣ್ಣು ನೋಡಲು ಬಂದವರು ಇದನ್ನು ನಂಬುವುದಿಲ್ಲ. ದಾವಣಗೆರೆಯ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತೇನೆ ಎಂದರೆ, "ಅದಿರ್ಲಿ, ಒಂದು ಹಾಡು ಹೇಳವ್ವ" ಎನ್ನುತ್ತಾರೆ. ನಾನು ತಟ್ಟೆಯನ್ನು ಅವರ ಮುಂದಕ್ಕೆ ಸರಿಸುತ್ತೇನೆ. ಅವರು ಶಿರಾ ತಿಂದು, ಫೋನ್ ಮಾಡ್ತೀವಿ ಎಂದು ಹೋಗುತ್ತಾರೆ. ಫೋನ್ ಬರುವುದಿಲ್ಲ. ಬಾರದಿದ್ದರೆ ನನಗೇನೂ ಅನಿಸುತ್ತಲೂ ಇರಲಿಲ್ಲ.

ಹರಿಹರದವರು ಬಂದಾಗ ಮಾತ್ರ ಫೋನ್ ಬರಲಿ ಎಂದು ಆಸೆಯಿತ್ತು. ಆ ಹುಡುಗ ಮೊದಲೇ ಒಮ್ಮೆ ಮಾತಾಡಿದ್ದ. ಸಂಬಳ ಕೇಳದೆ, ಈಗ ಏನು ಓದ್ತಾ ಇದೀರಿ ಎಂದು ಕೇಳಿದ್ದ. ಅಷ್ಟಕ್ಕೇ ನಾನು ಸೋತಿದ್ದೆ. ಅವ್ವ ನನಗೆ ಒಂದು ವಚನವನ್ನು ರಾಗವಾಗಿ ಬಾಯಿಪಾಠ ಮಾಡಿಸಿದ್ದಳು.

ಹುಡುಗನ ಅಜ್ಜಿ ಹಾಡು ಎಂದರು. ಬಾಯಿ ತೆರೆದೆ. ವಚನ ಪೂರ್ತಿ ಮರೆತುಹೋಗಿತ್ತು.

"ಏನ್ ಬರ್ತೈತೋ ಅದನ್ನ ಹೇಳವ್ವ, ನಾಚ್ಕಾಬ್ಯಾಡ" ಎಂದರು ಅಜ್ಜಿ.

"ಏಳು ಕೋಟಿ ಮೂವತ್ತೊಂಬತ್ತು ಲಕ್ಷದ ಮೂವತ್ತೊಂಬತ್ತು ಸಾವಿರದ ನೂರ ಮೂವತ್ತಮೂರು" ಎಂದೆ.

ಬಾಯಿ ಬಿಟ್ಟ ಮೇಲೆ ನಿಲ್ಲಿಸುವುದು ಹೇಗೆ? ಒಂದನ್ನೂ ತನ್ನನ್ನೂ ಬಿಟ್ಟರೆ ಬೇರಾವುದರಿಂದಲೂ ಇದು ಶೇಷವಿಲ್ಲದೆ ಭಾಗವಾಗುವುದಿಲ್ಲ ಎಂದೆ. ಕೊನೆಯ ಅಂಕಿ ಅಳಿಸಿದರೆ ಉಳಿದದ್ದೂ ಆಗುವುದಿಲ್ಲ, ಇನ್ನೊಂದು ಅಳಿಸಿದರೂ ಅಷ್ಟೇ ಎಂದು ಅಳಿಸುತ್ತಲೇ ಬಂದೆ. ೭೩೯೩. ೭೩೯. ೭೩. ೭. ಅಜ್ಜಿ ತಲೆದೂಗುತ್ತಿದ್ದರು. ಅಭ್ಯಾಸಬಲವಿರಬೇಕು.

ಹುಡುಗನ ಅಪ್ಪನಿಗೆ ಮಂಡಿಪೇಟೆಯಲ್ಲಿ ಸಗಟು ಅಂಗಡಿ. ಇನ್ನೊಬ್ಬರು ಹೇಳಿದ ಲೆಕ್ಕವನ್ನು ತಾವು ಒಮ್ಮೆ ಮಾಡಿ ನೋಡದೆ ಒಪ್ಪಿದವರಲ್ಲ. ಮೊಬೈಲ್ ತೆಗೆದು ಮೂರರಿಂದ ಭಾಗಿಸಿದರು, ಏಳರಿಂದ ಭಾಗಿಸಿದರು. ಉಪ್ಪಿಟ್ಟು ಆರಿತು.

"ಕೊನೀಗೆ ಇನ್ನೊಂದು ಅಂಕಿ ಸೇರ್ಸಿದ್ರೆ?"

"ಸೇರ್ಸಕ್ ಬರಲ್ರಿ. ಯಾವ್ದು ಬಂದ್ರೂ ಕೆಡ್ತೈತೆ."

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹೊಸ ಮನೆ ಸೇರಬೇಕಾದವಳು ಆಡುವ ಮಾತೇ ಅದು? ಆದರೆ ಆ ಸಂಖ್ಯೆಯ ವಿಷಯದಲ್ಲಿ ಸುಳ್ಳು ಹೇಳಲು ನನಗೆ ಮನಸ್ಸು ಬರಲಿಲ್ಲ. ಅವರು ಫೋನ್ ಮಾಡ್ತೀವಿ ಎಂದು ಎದ್ದರು. ಹುಡುಗ ಏನೋ ಹೇಳಲು ಹೋಗಿ, ಚಪ್ಪಲಿ ಹಾಕಿಕೊಂಡ.

ಫೋನ್ ಬರಲಿಲ್ಲ. ಅವ್ವ ಮಾತು ಬಿಟ್ಟಳು. ನನಗೂ ಆ ವಾರ ನಿಜವಾಗಿ ದುಃಖವಾಗಿತ್ತು. ತರಗತಿಯಲ್ಲಿ ಬೋರ್ಡಿನ ಕಡೆ ತಿರುಗಿ, ಅಗತ್ಯಕ್ಕಿಂತ ಹೆಚ್ಚು ಹೊತ್ತು ಬರೆಯುತ್ತಿದ್ದೆ.

ಭಾನುವಾರ ಹುಡುಗನ ಅಪ್ಪನೇ ಫೋನ್ ಮಾಡಿದರು. ನಮಸ್ಕಾರ ಎನ್ನಲೂ ಬಿಡಲಿಲ್ಲ.

"ಕೊನೀಗೆ ಒಂದೋ ಏಳೋ ಸೇರ್ಸಿದ್ರೆ ಮೂರ್ರಿಂದ ಹೋಗ್ತೈತೆ ನೋಡವ್ವ. ಸರಿಸಂಖ್ಯೆ, ಐದು ಕೇಳಾದೇ ಬ್ಯಾಡ. ಮೂರು, ಒಂಬತ್ತು ಮಾತ್ರ ಏನ್ ಮಾಡಿದ್ರೂ ಒಡೀವಲ್ವು. ಅಂಗಡೀಲಿ ಗಿರಾಕಿ ನಿಂತ್ರೂ ಇದೇ ಆಗೈತೆ."

"ಒಡೀತಾವ್ರಿ. ಹೆಂಗೆ ಅಂದ್ರೆ..."

"ತಡಿ, ಫೋನಲ್ಲಿ ಬ್ಯಾಡ" ಎಂದರು. "ಮನಿಗೆ ಬಂದ್ಮ್ಯಾಲೆ ಕೂತು ಹೇಳು. ಏನ್ ಅವಸರ, ಇನ್ನು ಇಲ್ಲೇ ಇರ್ತೀಯಲ್ಲ."